ಭೀಮಶಾ ಎತ್ತಿದ ಚೆಂಡು

ನಮ್ಮಿಂದಾಗದ ಕೆಲಸವನ್ನು ಇನ್ನೊಬ್ಬರು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನ ಕೊಡುವುದರಲ್ಲಿ ಒಂದು ವಿಶೇಷ ಸುಖವಿದೆ. ಹಾಡಲು ಬಾರದವರು ಭಜನೆಯಲ್ಲಿ ಯಾರ ಶ್ರುತಿ ತಪ್ಪಿತೆಂದು ಹೇಳುತ್ತಾರೆ. ಜನ್ಮದಲ್ಲಿ ಒಂದು ರೊಟ್ಟಿ ಬಡಿಯದ ನಾನು, ತಟ್ಟೆಗೆ ಬಿದ್ದ ರೊಟ್ಟಿಯ ಅಂಚು ದಪ್ಪವಾಗಿದೆಯೆಂದು ಬೆರಳಿಟ್ಟು ತೋರಿಸುತ್ತೇನೆ. ಈ ಸುಖವನ್ನು ಹೋದ ವರ್ಷ ನಾನು ಎರಡು ತಿಂಗಳು ಬಿಡದೆ ಅನುಭವಿಸಿದೆ. ಅದರ ನಂತರ ಆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅರ್ಧ ನಾಚಿಕೆಗೆ, ಅರ್ಧ ಬೆರಗಿಗೆ.

ನನ್ನ ಮನೆ ವಾಡಿಯಲ್ಲಿ, ನೌಕರಿ ಚಿತ್ತಾಪುರದಲ್ಲಿ. ಕಚೇರಿ ಯಾವುದೆಂದು ಹೇಳುವುದಿಲ್ಲ, ಏಕೆಂದರೆ ಈ ಕಥೆಯಲ್ಲಿ ಬರುವ ಶಿರಸ್ತೇದಾರರೇ ಇನ್ನೂ ನನ್ನ ರಜೆ ಚೀಟಿಗೆ ಸಹಿ ಮಾಡುವವರು. ನಮ್ಮ ಇಲಾಖೆಯಲ್ಲಿ ವರ್ಷಕ್ಕೊಮ್ಮೆ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಕಚೇರಿಗಳ ನಡುವೆ ಆಟದ ಪಂದ್ಯಗಳು ನಡೆಯುತ್ತವೆ. ಉಳಿದ ಆಟಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾನ ಮರ್ಯಾದೆಯೆಲ್ಲ ವಾಲಿಬಾಲಿನಲ್ಲಿ. ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಒಬ್ಬ ಚೆಂಡನ್ನು ನೆಟ್ಟಿನ ಮೇಲಕ್ಕೆ ಮೆತ್ತಗೆ ಎತ್ತಿ ಕೊಡುತ್ತಾನೆ, ಇನ್ನೊಬ್ಬ ಹಾರಿ ಅದನ್ನು ಎದುರಿನವರ ಅಂಗಳಕ್ಕೆ ಬಡಿಯುತ್ತಾನೆ. ಎತ್ತುವವ ಲಿಫ್ಟರ್, ಬಡಿಯುವವ ಶೂಟರ್. ಜನ ಸಿಳ್ಳೆ ಹೊಡೆಯುವುದು ಶೂಟರಿಗೆ. ಎತ್ತಿ ಕೊಟ್ಟವನು ಅಷ್ಟರಲ್ಲಿ ಲುಂಗಿ ಕಟ್ಟಿಕೊಳ್ಳುತ್ತ ತನ್ನ ಜಾಗಕ್ಕೆ ಹೋಗಿ ನಿಂತಿರುತ್ತಾನೆ.

ನಮ್ಮ ತಂಡದ ಲಿಫ್ಟರ್ ಭೀಮಶಾ. ಕಚೇರಿಯ ಸಿಪಾಯಿ, ರಾವೂರಿನವರು, ನಿವೃತ್ತಿಗೆ ಆಗ ಒಂದೇ ವರ್ಷ ಬಾಕಿ. ಪ್ಯಾಂಟ್ ಹಾಕಿ ಆಡಿದರೆ ಚೆಂಡು ಮಾತು ಕೇಳುವುದಿಲ್ಲವೆಂದು ಲುಂಗಿಯಲ್ಲೇ ಆಡುತ್ತಿದ್ದರು. ಶೂಟರ್ ಯಾರೆಂದು ನೀವು ಕೇಳುವ ಮೊದಲೇ ವಿನಯದಿಂದ ಹೇಳಿಬಿಡುತ್ತೇನೆ: ನಾನು. ಆಗ ಹನ್ನೆರಡು ವರ್ಷದಿಂದ ನಾನೇ. ಕ್ಯಾಪ್ಟನ್ನೂ ನಾನೇ, ಅದು ಮಾತ್ರ ಆಟಗಾರರ ಪಟ್ಟಿ ಬರೆಯಲು ನನ್ನ ಅಕ್ಷರ ಚೆನ್ನಾಗಿದೆಯೆಂದು.

ಚರ್ಚೆ ಹುಟ್ಟಿದ್ದು ಶಹಾಬಾದಿನಿಂದ ಸೋತು ಬರುವ ಬಸ್ಸಿನಲ್ಲಿ. ಸೇಡಂನವರ ಎದುರು ಕೊನೆಯ ಗೇಮಿನಲ್ಲಿ ಎರಡೇ ಪಾಯಿಂಟಿಗೆ ಸೋತಿದ್ದೆವು. ಕೊನೆಯ ಚೆಂಡನ್ನು ಭೀಮಶಾ ಎತ್ತಿ ಕೊಟ್ಟರು, ನಾನು ಬಡಿದೆ, ಅದು ನೆಟ್ಟಿಗೆ ಬಡಿದು ನನ್ನ ಕಾಲ ಮೇಲೇ ಬಿತ್ತು. ಬಸ್ಸಿನಲ್ಲಿ ನಮ್ಮ ಶಿರಸ್ತೇದಾರ ಗುಂಡೇರಾವ್ ಅವರು ನನ್ನ ಕಡೆ ಬಾಗಿ, "ಚೆಂಡು ಜರಾ ಕೆಳಗ ಬಂದಿತ್ತಲ್ರಿ ಜೋಶಿ? ಭೀಮಶಾಗ ವಯಸ್ಸಾತು ಬಿಡ್ರಿ," ಎಂದರು. ನಾನು ಹೌದೆನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಆ ಹೊತ್ತಿಗೆ ಕಿಟಕಿಯಾಚೆ ತೊಗರಿ ಹೊಲ ನೋಡುವುದು ನನಗೆ ಬಹಳ ಅಗತ್ಯವಾಗಿತ್ತು.

ಅದಾಗಿ ಕೆಲವು ತಿಂಗಳಿಗೆ ನಮ್ಮ ಕಚೇರಿಗೆ ನರಸಿಂಹಲು ಬಂದ. ಚಿಂಚೋಳಿ ತಾಲ್ಲೂಕಿನವನು, ಚಂದ್ರಂಪಳ್ಳಿ ಕೆರೆಯ ಆಚೆಯ ಊರು. ಮೊದಲ ನೌಕರಿ. ಕಾಲೇಜಿನಲ್ಲಿ ಲಿಫ್ಟರ್ ಆಗಿದ್ದವನು. ಎಷ್ಟು ಎತ್ತರವೆಂದರೆ ಹಳೆಯ ಕಡತ ಕೋಣೆಯ ಬಾಗಿಲು ದಾಟುವಾಗ ನಮಸ್ಕಾರ ಮಾಡಿದಂತೆ ಬಾಗುತ್ತಿದ್ದ. ಅವನು ಬಂದ ದಿನವೇ ಚಹಾದ ಅಂಗಡಿಯಲ್ಲಿ ಪ್ರಶ್ನೆ ಎದ್ದಿತು. ಈ ವರ್ಷ ಲಿಫ್ಟರ್ ಯಾರು? ಭೀಮಶಾ ಅವರನ್ನೇ ಇಟ್ಟುಕೊಳ್ಳಬೇಕೋ, ಹುಡುಗನನ್ನು ಹಾಕಬೇಕೋ? ಇದು ಭೀಮಶಾ ಅವರ ಕೊನೆಯ ವರ್ಷವೆಂದು ಎಲ್ಲರಿಗೂ ಗೊತ್ತಿತ್ತು. ಆ ಪಂದ್ಯ ಆಡಿ, ಆಮೇಲೆ ಲುಂಗಿ ಮಡಚಿಡಬೇಕೆಂಬ ಆಸೆ ಅವರಿಗಿತ್ತು. ಅದನ್ನು ಅವರು ಬಾಯಿ ಬಿಟ್ಟು ಹೇಳಿದವರಲ್ಲ. ಆದರೆ ದೀಪಾವಳಿಗೆ ಹೊಸ ಅಂಗಿ ಬಿಟ್ಟು ಹೊಸ ಕ್ಯಾನ್ವಾಸ್ ಬೂಟು ಕೊಂಡುಕೊಂಡಿದ್ದರು.

ಚರ್ಚೆ ಚಹಾದ ಅಂಗಡಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಆದರೆ ನಾವು ಕಚೇರಿಯ ಜನ. ಕಾಗದಕ್ಕೆ ಇಳಿಯದ ವಿಷಯ ನಮಗೆ ಅರ್ಥವಾಗುವುದಿಲ್ಲ. ಗುಂಡೇರಾವ್ ಅವರು ಒಂದು ಕಡತ ತೆರೆಯಲು ಹೇಳಿದರು. ನಾನು ಮುದ್ದಾದ ಅಕ್ಷರದಲ್ಲಿ 'ತಂಡದ ಲಿಫ್ಟರ್ ಅವರನ್ನು ಮುಂದುವರಿಸುವ ಕುರಿತು' ಎಂದು ಬರೆದು ಹಸಿರು ದಾರ ಕಟ್ಟಿದೆ. ಅಷ್ಟಕ್ಕೇ ನಿಲ್ಲದೆ ಗುಂಡೇರಾವ್ ನೆಟ್ಟಿನ ಕಂಬದ ಪಕ್ಕ ಒಂದು ಬಿದಿರು ನೆಡಿಸಿ, ಅದಕ್ಕೆ ಸುಣ್ಣದಲ್ಲಿ ಗೆರೆ ಎಳೆಸಿ, ಹಲವು ದಿನ ಸಂಜೆಯ ಆಟದಲ್ಲಿ ಯಾರು ಎತ್ತಿದ ಚೆಂಡು ಯಾವ ಗೆರೆಗೆ ಹೋಯಿತೆಂದು ಬರೆದುಕೊಂಡರು. ಎದುರಿನ ಬದಿಗೆ ಆಡುತ್ತಿದ್ದ ನರಸಿಂಹಲು ಎತ್ತಿದ ಚೆಂಡು ಪ್ರತಿ ಸಲವೂ ಮೇಲಿನಿಂದ ಎರಡನೆಯ ಗೆರೆ. ಭೀಮಶಾ ಅವರದು ಒಂದು ದಿನ ಮೂರನೆಯ ಗೆರೆ, ಒಂದು ದಿನ ಐದನೆಯದು, ಇನ್ನೊಂದು ದಿನ ಅವುಗಳ ನಡುವೆ ಎಲ್ಲೋ. ನಾನು ಟಿಪ್ಪಣಿ ಬರೆದೆ: 'ಸದರಿಯವರು ಎತ್ತುವ ಚೆಂಡು ಪ್ರತಿ ದಿನ ಬೇರೆ ಬೇರೆ ಎತ್ತರಕ್ಕೆ ಹೋಗುತ್ತಿದ್ದು, ಏಕರೂಪತೆ ಕಂಡುಬರುವುದಿಲ್ಲ.' ಬರೆದು ಮುಗಿಸಿ, ಎಷ್ಟು ಚಂದ ಬಂತು ವಾಕ್ಯ ಎಂದು ಎರಡು ಸಲ ಓದಿಕೊಂಡೆ. ಆಮೇಲೆ ಅಭ್ಯಾಸದಂತೆ ಗಂಟೆ ಒತ್ತಿದೆ. ಕಡತವನ್ನು ನನ್ನ ಮೇಜಿನಿಂದ ಶಿರಸ್ತೇದಾರರ ಮೇಜಿಗೆ ಒಯ್ಯುವ ಸಿಪಾಯಿ ಬಂದರು. ಭೀಮಶಾ.

ಅವರು ಕಡತವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮೇಲಿನ ಅಕ್ಷರ ಓದಿದರು. ಅವರು ಓದಬಲ್ಲವರು. "ಅಕ್ಷರ ಭಾಳ ಛಲೋ ಅವ ಸಾಬ್ರ ನಿಮ್ಮವು," ಎಂದು ಹೇಳಿ ಒಯ್ದು ಗುಂಡೇರಾವ್ ಅವರ ಮುಂದಿಟ್ಟು, ದಾರದ ತುದಿ ಸರಿ ಮಾಡಿ ಹೊರಗೆ ಸ್ಟೂಲಿನ ಮೇಲೆ ಹೋಗಿ ಕುಳಿತರು.

ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಹೆಂಡತಿ ಸುಮಾ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನೇ ಮರೆತಳು. "ಅವರನ್ನ ತಗೀಲೇನು ಅಂತ ಬರ್ದು, ಅದನ್ನ ಅವರ ಕೈಲೇ ಕಳಿಸಿದ್ರೇನ್ರೀ?"

"ಕಚೇರಿ ಪದ್ಧತಿ ನಿನಗ ಗೊತ್ತಾಗೂದಿಲ್ಲ."

"ಗೊತ್ತಾಗೂದು ಬ್ಯಾಡ ಬಿಡ್ರಿ. ನಿಮಗೇ ಮಣಕಾಲ ನೂಸ್ತದಲ್ಲ, ಅದರ ಬಗ್ಗೆನೂ ಒಂದು ಫೈಲ್ ಮಾಡ್ರಿ."

ನನಗೆ ರೇಗಿತು. ಎದ್ದು ಹೋಗಿ, ಗೋಡೆಗೆ ಕೂಡಿಸಿದ ಫರಸಿ ಕಲ್ಲಿನ ಹಲಗೆಗಳ ಮಾಡಿನಿಂದ, ರೊಟ್ಟಿಗೆ ನಂಜಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿಯನ್ನು ಒಂದೇ ಕೈಯಲ್ಲಿ, ಹಿಮ್ಮಡಿ ಎತ್ತದೆ ತೆಗೆದು ತೋರಿಸಿದೆ. ಐವತ್ತೊಂದರ ಮನುಷ್ಯ ಎಷ್ಟು ಸಲೀಸಾಗಿ ಕೈ ಎತ್ತುತ್ತಾನೆ ನೋಡು ಎಂಬ ಅರ್ಥದಲ್ಲಿ. ಅವಳು ನೋಡಿದಳು. ಮತ್ತೆ ಹಂಚಿನ ಕಡೆ ತಿರುಗಿದಳು. ರೊಟ್ಟಿ ಮಾತ್ರ ಅವತ್ತು ನಿಜವಾಗಿಯೂ ಸೀದಿತ್ತು.

ಕೊನೆಗೆ ಕಡತದ ಮೇಲೆ ಗುಂಡೇರಾವ್ ಅವರ ಆದೇಶ ಬಂತು: ಪರೀಕ್ಷೆ ಮಾಡಿ. ಒಂದು ಶನಿವಾರ ಸಂಜೆ ಕಚೇರಿಯ ಹಿಂದಿನ ಬಯಲಿನಲ್ಲಿ ಎಲ್ಲರೂ ಸೇರಿದೆವು. ಇಬ್ಬರೂ ಹತ್ತು ಹತ್ತು ಚೆಂಡು ಎತ್ತಬೇಕು, ನಾನು ಬಡಿಯಬೇಕು. ಮೊದಲು ಭೀಮಶಾ. ಹೊಸ ಬೂಟು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಲುಂಗಿ. ಹತ್ತರಲ್ಲಿ ಒಂಬತ್ತು ಚೆಂಡು ನಾನು ನೆಲಕ್ಕೆ ಬಡಿದೆ. ಜನ ನನಗೆ ಚಪ್ಪಾಳೆ ತಟ್ಟಿದರು. ಆಮೇಲೆ ನರಸಿಂಹಲು. ಚೆಂಡು ಅವನ ಬೆರಳಿನಿಂದ ಹಕ್ಕಿಯಂತೆ ಎದ್ದು ಎರಡನೆಯ ಗೆರೆಗೆ ಹೋಗಿ ನಿಂತಿತು. ನಾನು ಹಾರಿದೆ. ನಾನು ಇಳಿದ ಮೇಲೂ ಅದು ಅಲ್ಲೇ ಇದ್ದಂತೆ ಕಂಡಿತು. ಎರಡನೆಯದು ನೆಟ್ಟಿಗೆ. ಮೂರನೆಯದು ನನ್ನ ಹಣೆಗೆ. ಐದನೆಯದು ಗುಂಡೇರಾವ್ ಅವರ ಚಹಾದ ಕಪ್ಪಿಗೆ. ಹತ್ತರಲ್ಲಿ ಎರಡು ಹೇಗೋ ಆಚೆ ಹೋದವು, ಅದರಲ್ಲೊಂದು ನನ್ನ ಮೊಣಕೈಯಿಂದ.

ಗುಂಡೇರಾವ್ ಅಂಗಿ ಒರೆಸಿಕೊಳ್ಳುತ್ತ ಎದ್ದು ನಿಂತರು. "ಮುಗೀತಲ್ರಿ. ಹುಡುಗಗ ಎತ್ತಾಕ ಬರೂದಿಲ್ಲ. ಭೀಮಶಾನೇ ಇರ್ಲಿ. ಜೋಶಿ, ಬರೀರಿ." ಎಲ್ಲರೂ ಗೋಣು ಹಾಕಿದರು. ಎಲ್ಲರಿಗಿಂತ ಜೋರಾಗಿ ಹಾಕಿದವನು ನಾನು. ನರಸಿಂಹಲು ಮುಖ ಸಣ್ಣದು ಮಾಡಿಕೊಂಡು, "ಸಾರಿ ಅಣ್ಣಾ," ಎಂದ. ನಾನು ದೊಡ್ಡ ಮನಸ್ಸು ಮಾಡಿ ಅವನ ಬೆನ್ನು ತಟ್ಟಿದೆ. ತಟ್ಟಲು ಕೈ ಸ್ವಲ್ಪ ಮೇಲಕ್ಕೇ ಎತ್ತಬೇಕಾಯಿತು.

ಭೀಮಶಾ ಸುಮ್ಮನಿದ್ದಿದ್ದರೆ ಅವರ ಕೊನೆಯ ಪಂದ್ಯ ಅವರ ಕೈಯಲ್ಲಿತ್ತು. ಅವರು ಬೂಟಿನ ಲೇಸು ಬಿಚ್ಚುತ್ತಿದ್ದವರು ತಲೆ ಎತ್ತಿದರು.

"ಹಂಗ ಬರೀಬ್ಯಾಡ್ರಿ ಸಾಬ್ರ. ಹುಡುಗಂದು ತಪ್ಪಿಲ್ಲ. ಚೆಂಡು ಎಲ್ಲಿ ಇರಬೇಕೋ ಬರಾಬರ್ ಅಲ್ಲೇ ಇಡಾಕತ್ತಾನ. ನನಗಿಂತ ಛಲೋ ಎತ್ತತಾನ."

"ಮತ್ತ ಜೋಶಿಯವರಿಗೆ ಯಾಕ ಸಿಗವಲ್ದು?" ಎಂದು ಗುಂಡೇರಾವ್ ಕೇಳಿದರು.

ಭೀಮಶಾ ನನ್ನ ಕಡೆ ನೋಡಿದರು. ಮುಖವನ್ನಲ್ಲ, ಮೊಣಕಾಲನ್ನು. "ಅದು ಬ್ಯಾರೆ ಮಾತ್ರಿ," ಎಂದು ಮತ್ತೆ ಲೇಸಿಗೆ ಕೈ ಹಾಕಿದರು.

ಬಸ್ ನಿಲ್ದಾಣದ ತನಕ ಅವರ ಜೊತೆಗೇ ನಡೆದೆ. ಬೇರೆ ಮಾತು ಯಾವುದೆಂದು ಕೇಳಿದೆ. ಅವರು ಹೇಳಲು ಒಲ್ಲೆನೆಂದರು, ನಾನು ಬಿಡಲಿಲ್ಲ. ಕೊನೆಗೆ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಅವರು ಹೇಳಿದ್ದು ಇಷ್ಟು. ನೌಕರಿಗೆ ಬರುವ ಮೊದಲು ಹತ್ತು ವರ್ಷ ಅವರು ರಾವೂರಿನ ಫರಸಿ ಗಣಿಯಲ್ಲಿ ಲಾರಿಗೆ ಕಲ್ಲು ತುಂಬುತ್ತಿದ್ದರು. ಕೆಳಗಿನವನು ಚಪ್ಪಡಿ ಎತ್ತಿ ಕೊಡಬೇಕು, ಲಾರಿ ಮೇಲಿನವನು ಹಿಡಿದುಕೊಳ್ಳಬೇಕು.

"ನಮ್ಮಪ್ಪ ಒಂದೇ ಮಾತು ಹೇಳಿದ್ದರಿ. ನಿನಗ ಎಷ್ಟು ಎತ್ತಾಕ ಆಗ್ತದ ಅಷ್ಟು ಎತ್ತಬ್ಯಾಡ, ಅವಗ ಎಲ್ಲಿ ಹಿಡೀಲಿಕ್ಕಿ ಆಗ್ತದ ಅಲ್ಲಿ ಕೊಡು ಅಂತ. ಜಾಸ್ತಿ ಮ್ಯಾಲ ಕೊಟ್ರ ಅವ ಕಲ್ಲಿನ ಸಂಗಾಟ ಕೆಳಗ ಬರ್ತಾನ. ಅದಕ್ಕ ಮಾರಿ ನೋಡೂದಲ್ರಿ, ಮಣಕಾಲ ನೋಡೂದು. ಮಾರಿ ಸುಳ್ಳ ಹೇಳ್ತದ."

"ಅಂದ್ರ ನನಗ..."

"ನಿಮ್ಮ ಬಲಗಾಲ ಮೂರು ವರ್ಷ ಆತ್ರಿ ಏಳವಲ್ದು. ಮುಂಜಾನೆ ನೀವು ಕಚೇರಿ ಪಾವಟಿಗಿ ಹತ್ತೂದು ನೋಡ್ತೀನಲ್ಲ. ಎಡಗಾಲ ಮೊದಲ ಇಟ್ರ ಆ ದಿನ ಚೆಂಡು ಕೆಳಗ ಕೊಡ್ತೀನಿ, ಬಲಗಾಲ ಇಟ್ರ ಜರಾ ಮ್ಯಾಲ. ಹೋದ ವರ್ಷ ಶಹಾಬಾದದಾಗ ನೀವು ಪಾವಟಿಗಿ ಹತ್ತಲೇ ಇಲ್ಲ, ಅಲ್ಲಿ ಪಾವಟಿಗಿನೇ ಇದ್ದಿಲ್ಲ. ನನಗ ಅಂದಾಜು ಸಿಗಲಿಲ್ಲ. ಅದು ನಂದೇ ತಪ್ಪು."

ವಾಡಿಯ ಬಸ್ಸು ಬಂತು, ಹೋಯಿತು. ನಾನು ಏಳಲಿಲ್ಲ. ಬಿದಿರಿನ ಮೇಲಿನ ಗೆರೆಗಳೆಲ್ಲ ಕಣ್ಣ ಮುಂದೆ ಬಂದವು. ಮೂರನೆಯ ಗೆರೆ, ಐದನೆಯ ಗೆರೆ, ನಡುವೆ ಎಲ್ಲೋ. ಅದು ಚೆಂಡಿನ ಅಳತೆಯಾಗಿರಲಿಲ್ಲ. ಆಯಾ ದಿನದ ನನ್ನ ಮೊಣಕಾಲಿನ ಅಳತೆಯಾಗಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಒಬ್ಬ ಮನುಷ್ಯ ಚೆಂಡನ್ನೂ ನೆಟ್ಟನ್ನೂ ಎದುರಿನ ಆರು ಜನರನ್ನೂ ನೋಡಿ, ಅದರ ಜೊತೆಗೆ ಬೆಳಿಗ್ಗೆ ಹತ್ತು ಗಂಟೆಗೆ ನಾನು ಯಾವ ಕಾಲಿಟ್ಟು ಮೆಟ್ಟಿಲು ಹತ್ತಿದೆನೆಂಬುದನ್ನೂ ನೆನಪಿಟ್ಟು, ಬೆರಳ ತುದಿಯಲ್ಲಿ ಅದನ್ನೆಲ್ಲ ಕೂಡಿಸಿ ಎತ್ತುತ್ತಿದ್ದ. ಅದಕ್ಕೆ ನಾನು ಏಕರೂಪತೆ ಇಲ್ಲವೆಂದು ಷರಾ ಬರೆದಿದ್ದೆ. ಮುದ್ದಾದ ಅಕ್ಷರದಲ್ಲಿ.

"ಇದನ್ನ ಮೊದಲೇ ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ನೀವು ಹಾರತಿದ್ದಿಲ್ರಿ," ಎಂದರು ಭೀಮಶಾ.

ಸೋಮವಾರ ಕಡತಕ್ಕೆ ಕೊನೆಯ ಟಿಪ್ಪಣಿ ಬರೆದೆ. ಲಿಫ್ಟರ್ ಅವರನ್ನು ಮುಂದುವರಿಸಬಹುದು. ಶೂಟರ್ ಅವರನ್ನು ಮುಂದುವರಿಸುವ ಅಗತ್ಯ ಕಂಡುಬರುವುದಿಲ್ಲ. ಆ ಸ್ಥಾನಕ್ಕೆ ನರಸಿಂಹಲು. ಓದಿದ ಗುಂಡೇರಾವ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಇದು ನಿಮ್ಮ ಬಗ್ಗೆ ನೀವೇ ಬರ್ದೀರಿ, ಗೊತ್ತದ ಇಲ್ಲೋ?" ಎಂದರು. ಗೊತ್ತಿದೆ ಎಂದೆ. ಈ ಸಲ ಗಂಟೆ ಒತ್ತದೆ ಕಡತವನ್ನು ನಾನೇ ಒಯ್ದಿದ್ದೆ.

ಪಂದ್ಯದ ದಿನ ನಾನು ಗೆರೆಯಾಚೆ ಕುರ್ಚಿ ಹಾಕಿಕೊಂಡು ಪಾಯಿಂಟು ಬರೆಯುತ್ತಿದ್ದೆ. ಎದುರಿಗೆ ಮತ್ತೆ ಸೇಡಂನವರೇ. ಮೊದಲ ಚೆಂಡು ಭೀಮಶಾ ಅವರ ಕೈಗೆ ಬಂತು. ಅವರು ನರಸಿಂಹಲುವಿನ ಮೊಣಕಾಲು ನೋಡಿದ್ದು ನನಗೆ ಕಾಣಿಸಿತು. ಆಮೇಲೆ ಅವರ ಮುಖದಲ್ಲಿ ಏನೋ ಅರಳಿತು, ಚೆಂಡು ಎದ್ದಿತು. ಅದು ಏಳುತ್ತಲೇ ಹೋಯಿತು. ಬಿದಿರು ಅಲ್ಲಿದ್ದಿದ್ದರೆ ಅದರ ತುದಿ ದಾಟುತ್ತಿತ್ತು. ಸುತ್ತ ನಿಂತ ಜನ ಕತ್ತೆತ್ತಿ ನೋಡಿದರು. ಅಷ್ಟು ಎತ್ತರ ಆ ಕೈಗಳಲ್ಲಿ ಇದೆಯೆಂದು ಹನ್ನೆರಡು ವರ್ಷ ಜೊತೆಗೆ ಆಡಿದ ನನಗೆ ಗೊತ್ತಿರಲಿಲ್ಲ. ನನಗಾಗಿ ಅವರು ಅದನ್ನು ಹೊರಗೆ ತೆಗೆದಿರಲೇ ಇಲ್ಲ. ಹುಡುಗ ಹಾರಿ ಬಡಿದ. ನಾನು ಪಾಯಿಂಟು ಬರೆಯುವುದನ್ನು ಮರೆತು ಬಾಯಿ ತೆರೆದು ಕುಳಿತಿದ್ದೆ, ಪಕ್ಕದವರು ನೆನಪಿಸಬೇಕಾಯಿತು. ಗೆದ್ದವರು ಯಾರೆಂದು ಬೇರೆ ಹೇಳಬೇಕಿಲ್ಲ. ಸೇಡಂನಲ್ಲಿರುವ ನನ್ನ ಹೆಂಡತಿಯ ತಮ್ಮ ನಾಲ್ಕು ದಿನ ಫೋನ್ ಮಾಡಲಿಲ್ಲ.

ಮನೆಗೆ ಬಂದು ಊಟಕ್ಕೆ ಕುಳಿತಾಗಲೂ ನನ್ನ ಕಣ್ಣಲ್ಲಿ ಅದೇ ಚೆಂಡು. ಸುಮಾಳಿಗೆ ಎಲ್ಲವನ್ನೂ ಹೇಳಿದೆ. ಗಣಿ, ಚಪ್ಪಡಿ, ಪಾವಟಿಗೆ, ಎಲ್ಲ. ಹೇಳುತ್ತಲೇ ಎದ್ದು ಶೇಂಗಾ ಹಿಂಡಿಯ ಡಬ್ಬಿಗೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. ಡಬ್ಬಿ ನನ್ನ ಎದೆಯ ಮಟ್ಟದ ಮಾಡಿನಲ್ಲಿತ್ತು. ಅದರ ಮೇಲೆ ಇನ್ನೂ ಎರಡು ಫರಸಿ ಮಾಡುಗಳಿದ್ದವು, ಅಲ್ಲಿ ಹಬ್ಬಕ್ಕಷ್ಟೇ ಇಳಿಸುವ ಪಾತ್ರೆಗಳಿದ್ದವು.

"ಈ ಡಬ್ಬಿ ಮೊದಲು ಎಲ್ಲಿತ್ತು?"

ಅವಳು ತಿರುಗಿ ನೋಡದೆ ಸೌಟಿನಿಂದ ಎಲ್ಲಕ್ಕಿಂತ ಮೇಲಿನ ಮಾಡು ತೋರಿಸಿದಳು.

"ಯಾವಾಗ ಇಳಿಸಿದಿ?"

"ಮೂರು ವರ್ಷ ಆತು."

"ನನಗ ಹೇಳಬೇಕಿತ್ತಲ್ಲ."

"ಹೇಳಿದ್ರ ನೀವು ಹಿಂಡಿ ತಿನ್ನೂದೇ ಬಿಡ್ತಿದ್ರಿ," ಎಂದಳು.

ನಾನು ಡಬ್ಬಿ ತೆಗೆದುಕೊಂಡು ಬಂದು ಕುಳಿತೆ. ಆ ದಿನದ ರೊಟ್ಟಿಯ ಅಂಚು ಸ್ವಲ್ಪ ದಪ್ಪವಾಗಿಯೇ ಇತ್ತು. ನಾನು ಏನೂ ಅನ್ನದೆ ತಿಂದೆ.