ಬಿಸಿ ಪೈ, ಇವತ್ತು ಮಾತ್ರ

ಪುಕ್ಕಟೆ ಡೋನಟ್ ಆಸೆಗೆ ಬಿದ್ದು ವೆಂಡೆಲ್ ಟಿಬೋ ಹೋದ ವಾರ ಒಂದು ಇಮೇಲಿನ ಲಿಂಕ್ ಒತ್ತಿದ್ದ. ಅದು ನೌಕರರ ಎಚ್ಚರ ಪರೀಕ್ಷಿಸಲು ಕಚೇರಿಯವರೇ ಬಿಟ್ಟ ಗಾಳ. ಜನರ ಮಾಹಿತಿ ಸೋರಿದರೆ ಕಚೇರಿಯೇ ಹೊಣೆ ಎಂದು ರಾಜ್ಯದಲ್ಲಿ ಕಾನೂನು ಬಂದ ಮೇಲೆ ಭದ್ರತಾ ಅಧಿಕಾರಿ ಪ್ರೂಡೆನ್ಸ್ ಸರಿಯಾಗಿ ನಿದ್ದೆ ಮಾಡಿರಲಿಲ್ಲ. "ಇನ್ನೊಂದು ಸಲ ಸಿಕ್ಕಿಬಿದ್ರೆ ಮನೆಗೆ ಕಳಿಸ್ತೀನಿ," ಎಂದಿದ್ದಳು. ಸಹೋದ್ಯೋಗಿಗಳು ಅವನ ಕುರ್ಚಿಗೆ ರಬ್ಬರ್ ಮೀನೊಂದನ್ನು ನೇತುಹಾಕಿ ಕೃತಾರ್ಥರಾಗಿದ್ದರು.

ಶುಕ್ರವಾರ ಬೆಳಿಗ್ಗೆ ಗುರುತಿಲ್ಲದ ವಿಳಾಸದಿಂದ ಇನ್ನೊಂದು ಇಮೇಲ್ ಬಂತು. "ಬಿಸಿ ಬಿಸಿ ಆಪಲ್ ಪೈ! ಚೆಡ್ಡರ್ ಚೀಸ್ ಸಮೇತ! ಇವತ್ತು ಮಾತ್ರ! ಬರೋರು ಇಲ್ಲಿ ಒತ್ತಿ!"

ವೆಂಡೆಲ್ ಹಲ್ಲು ಕಡಿದ. "ಅವತ್ತು ಡೋನಟ್, ಇವತ್ತು ಪೈ. ನನ್ನ ಹೊಟ್ಟೆ ಮೇಲೇ ಕಣ್ಣು ಇವರಿಗೆ!" ಕೆಳಗೇನಿದೆ ಎಂದೂ ನೋಡದೆ, 'ಇದು ಮೋಸ' ಎಂಬ ಗುಂಡಿ ಒತ್ತಿದ.

ಊಟದ ಹೊತ್ತಿಗೆ ಮಾತು ಅರ್ಲೀನ್ ಕಡೆ ಹೊರಳಿತು. ವೆಂಡೆಲ್‌ನ ಎದುರು ಮೇಜಿನವಳು. ಅವನಿಗೆ ಕೆಲಸ ಕಲಿಸಿದವಳು, ಅವನ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡವಳು. ನಿನ್ನೆ ಸಂಜೆ ನಿವೃತ್ತಳಾಗಿ, ಅಳು ಬರುತ್ತದೆಂದು ಯಾರಿಗೂ ಹೇಳದೆ ಹೊರಟುಹೋಗಿದ್ದಳು.

"ಇಷ್ಟು ವರ್ಷ ಜೊತೆಗಿದ್ವಿ. ಒಂದು ಕಾಫಿಗಾದ್ರೂ ಕರೀಬೇಡ್ವೇನ್ರೀ?" ಎಂದಳು ಪಕ್ಕದ ಮೇಜಿನ ರೇಲೀನ್.

ವೆಂಡೆಲ್‌ಗೆ ಎಲ್ಲರಿಗಿಂತ ಹೆಚ್ಚು ನೋವಾಗಿತ್ತು. "ಪಿಂಚಣಿ ಬಂತಲ್ಲ, ಇನ್ನು ನಾವ್ಯಾಕೆ ಬೇಕು ಬಿಡಿ," ಎಂದುಬಿಟ್ಟ.

ಮಧ್ಯಾಹ್ನ ಪ್ರೂಡೆನ್ಸ್ ಎಲ್ಲರನ್ನೂ ಕರೆದಳು. ತಾನೇ ಮೀನು ಬಿಚ್ಚಿ ಬಿಸಾಡಿ, ವೆಂಡೆಲ್ ಎದೆಗೆ ಹೊಳೆಯುವ ಬಿಲ್ಲೆ ಚುಚ್ಚಿದಳು.

"ಇವನಿಂದ ನಾವೆಲ್ಲ ಬಚಾವ್! ಇವನು ಹೇಳಿದ ತಕ್ಷಣ, ಪೂರ್ತಿ ಓದೋಕೂ ನಿಲ್ಲದೆ, ಆ ಮೇಲನ್ನ ನಿಮ್ಮೆಲ್ಲರ ಪೆಟ್ಟಿಗೆಯಿಂದ ಕಿತ್ತುಹಾಕಿದೆ. ಮೋಸ ಹೇಗಿರುತ್ತೆ ನೋಡ್ಕೊಳ್ಳಿ!" ಎನ್ನುತ್ತ ಗೋಡೆಯ ಪರದೆಯ ಮೇಲೆ ಅದನ್ನು ಪೂರ್ತಿ ತೋರಿಸಿದಳು.

ಪೈ, ಚೆಡ್ಡರ್. ಅದರ ಕೆಳಗೆ: "ಎದುರುಗಡೆ ಚರ್ಚಿನ ಸಭಾಂಗಣ, ಹನ್ನೆರಡಕ್ಕೆ. ಆಫೀಸಿನ ಮೇಲ್ ನಿನ್ನೆಯೇ ಮುಚ್ಚಿದರು, ಅದಕ್ಕೆ ಮನೆಯದರಿಂದ ಕಳಿಸ್ತಿದ್ದೀನಿ. ಎದುರಿಗೆ ನಿಂತು ಹೇಳಿದ್ರೆ ಅತ್ತುಬಿಡ್ತಿದ್ದೆ. ನಿಮ್ಮ ಅರ್ಲೀನ್."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಉಳಿದವರು ಕೋಟು ಹುಡುಕುವಷ್ಟರಲ್ಲಿ ವೆಂಡೆಲ್ ರಸ್ತೆ ದಾಟಿದ್ದ.

ಸಭಾಂಗಣದಲ್ಲಿ ಖಾಲಿ ಕುರ್ಚಿಗಳ ನಡುವೆ ಅರ್ಲೀನ್ ಒಬ್ಬಳೇ ತಣ್ಣಗಾದ ಪೈಗಳನ್ನು ಕಟ್ಟಿಡುತ್ತಿದ್ದಳು. ಇವನನ್ನು ಕಂಡದ್ದೇ ಅವಳ ಮುಖ ಅರಳಿತು.

"ಬಂದ್ಯೇನೋ! ನನ್ನ ಮೇಲ್ ಓದಿದೋನು ನೀನೊಬ್ಬನೇ ನೋಡು," ಎಂದು ಬಾಚಿ ತಬ್ಬಿಕೊಂಡಳು.

ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು ವೆಂಡೆಲ್‌ಗೆ. ಹೊರಗೆ ಮೆಟ್ಟಿಲ ಮೇಲೆ ರೇಲೀನ್ ದಂಡಿನ ದಡಬಡ ಕೇಳಿಸುತ್ತಿತ್ತು. ಅರ್ಲೀನ್ ಹಿಂದೆ ಸರಿದು, ಕಣ್ಣೊರೆಸಿಕೊಂಡು, ಅವನ ಎದೆಯ ಬಿಲ್ಲೆ ಹಿಡಿದು ನೋಡಿದಳು.

"ಭೇಷ್! ಅಂತೂ ನಿನಗೂ ಬಹುಮಾನ ಕೊಟ್ರು. ಹೇಳೋ, ಏನ್ ಮಾಡಿದ್ದಕ್ಕೆ?"