ಫೋನ್ ಇಲ್ಲದ ಹಿರಿಯರು

ಮಾಡಿದ ತಪ್ಪನ್ನು ಯಾರಾದರೂ ತೋರಿಸಿದರೆ ನನಗೆ ಮೈ ಉರಿಯುತ್ತದೆ. ಇನ್ನೂ ಆಗದ ತಪ್ಪನ್ನು ತೋರಿಸಿದರೆ ಮಾತ್ರ ಹೆದರಿಕೆಯಾಗುತ್ತದೆ. ನಾನು ಬರೆದ ಕೋಡನ್ನು ಓಡಿಸುವ ಮೊದಲೇ ಓದಿ, ಎಲ್ಲಿ ಎಡವುತ್ತದೆಂದು ಹೇಳುವ ತಪಾಸಣೆ ಪ್ರೋಗ್ರಾಂ ಒಂದಿದೆ. ಯಾವುದು ಸಂಖ್ಯೆ, ಯಾವುದು ಅಕ್ಷರ, ಎಲ್ಲಿ ಏನೂ ಇಲ್ಲ ಎಂದು ಪ್ರತಿಯೊಂದರ ಬಗೆಯನ್ನೂ ಕೇಳುತ್ತದೆ. ಮನೆಯಲ್ಲಿ ಅಪ್ಪನ ತಂಗಿ ರುಕ್ಮಿಣಿ ಅತ್ತೆ ಇರುವಾಗ ಇಂಥದ್ದು ಇನ್ನೊಂದು ಯಾಕೆ ಬೇಕಿತ್ತೋ ನನಗೆ!

ಈ ಸಲ ಸಾಂಬ್ರಾಣಿ ಊರಿನ ನಮ್ಮ ಮನೆಯ ಹಿರಿಯರ ಪೂಜೆಗೆ ಜೊಯಿಡಾ, ಮುಂಡಗೋಡದ ನೆಂಟರನ್ನೆಲ್ಲ ಮೆಸೇಜಿನಲ್ಲಿ ಕರೆಯುವ ಪ್ರೋಗ್ರಾಂ ಬರೆಯುತ್ತೇನೆಂದು ಜಂಬ ಕೊಚ್ಚಿದೆ. ಅತ್ತೆ ಹೆಸರು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ನಮ್ಮ ಸಿದ್ದಿ ಜನರ ಮನೆಗಳಲ್ಲಿ ತೀರಿಹೋದ ಹಿರಿಯರೇ ಮೊದಲ ಅತಿಥಿಗಳು. ಹೀಗಾಗಿ ಗಣಪು ಅಜ್ಜ, ಸೋಮವ್ವ ಆಯಿ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಕುಳಿತರು. ತಪಾಸಣೆ ಕೆಂಪು ಗೆರೆ ಎಳೆಯಿತು: ‘ಇಲ್ಲಿ ಫೋನ್ ನಂಬರ್ ಬೇಕು, ಆದರೆ ಏನೂ ಇಲ್ಲದಿರಬಹುದು.’

ನಂಬರ್ ಇಲ್ಲದಿದ್ದರೆ ನನ್ನದನ್ನೇ ತಗೋ ಎಂದು ಬರೆದೆ. ಗೆರೆ ಮಾಯವಾಯಿತು. ಓಡಿಸಿದೆ. ನನ್ನ ಜೇಬಿನ ಫೋನ್ ನಡುಗಿತು: ‘ಗಣಪು ಅಜ್ಜ, ಪೂಜೆಗೆ ಬರ್ರಿ.’ ಸತ್ತವರ ಕರೆ ನನಗೆ ಬಂತೆಂದರೆ ಏನರ್ಥ?

ಮೆಸೇಜ್ ನೋಡಿ ಅತ್ತೆಗೆ ಸಿಟ್ಟು ಬಂತು. “ಅವರ ಕರಿ ನಿನ್ನ ಕಿಸೆದಾಗ ಕುಂತ್ರ ಹೆಂಗಪಾ? ಹಿರ್ಯಾರು ಬಾರದ ನಾ ಎಲಿ ಹಾಕಾಂಗಿಲ್ಲ ನೋಡು.”

“ಫೋನ್ ಇಲ್ದಾರ್ಗೆ ಏನ್ ಮಾಡ್ಲಿ ಅತ್ತಿ?”

“ಬಾಗಲದಾಗ ನಿಂತು ಹೆಸರು ಹಿಡದು ಕರಿ. ಮತ್ತೇನ್ ಮಾಡ್ತಿ?”

ಸರಿಯಾದ ತಿದ್ದುಪಡಿ ಅದೇ ಆಗಿತ್ತು. ನಂಬರ್ ಇಲ್ಲದವರ ಹೆಸರು ಪರದೆಯ ಮೇಲೆ ಬರಲಿ, ನಾನು ಕೂಗುತ್ತೇನೆ ಎಂದು ಬರೆದೆ. ಕೂಗಿದ ಮೇಲೆ ಮರಳಿ ಬರುವುದೇನು ಎಂದು ತಪಾಸಣೆ ಕೇಳಿತು. ‘ಏನೂ ಇಲ್ಲ’ ಎಂದೆ. ಅದು ಒಪ್ಪಿತು, ತಪ್ಪು ಒಂದೂ ಇಲ್ಲವಂತೆ.

ಪೂಜೆಯ ದಿನ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತೆ. ನೆಂಟರೆಲ್ಲ ಒಳಗೆ ಎಲೆಗೆ ಕಾಯುತ್ತ ಕುಳಿತಿದ್ದರು. “ಸೋಮವ್ವ ಆಯಿ, ಬರ್ರಿ,” ಎಂದೆ.

“ಓ... ಬಂದ್ನಿ,” ಎಂದಿತು ಹಿತ್ತಲಿನಿಂದ ಒಂದು ಮುದಿ ದನಿ. ಅಲ್ಲಿ ಯಾರೂ ಇರಲಿಲ್ಲ.

“ಯಾರತ್ತಿ ಅದು?”

“ನೀ ಯಾರ್ನ ಕರ್ದಿ?” ಎಂದು ಅತ್ತೆ ನೆಮ್ಮದಿಯಿಂದ ಎಲೆ ಹಾಕತೊಡಗಿದರು.

ಪೂಜೆ ಚೆನ್ನಾಗಿಯೇ ಆಯಿತು. ಪ್ರೋಗ್ರಾಂನ ಆ ಸಾಲಿನಲ್ಲಿ ಮಾತ್ರ ‘ಏನೂ ಇಲ್ಲ’ ಎಂದು ಇನ್ನೂ ಹಾಗೇ ಇದೆ. ತಿದ್ದಬೇಕಾದರೆ ಮರಳಿ ಬಂದದ್ದು ಯಾವ ಬಗೆಯದೆಂದು ಬರೆಯಬೇಕು. ಹಿತ್ತಲಿಗೆ ಹೋಗಿ ಅದನ್ನು ವಿಚಾರಿಸುವ ಧೈರ್ಯ ನನಗಿಲ್ಲ.