ಭಾವನ ಎಕ್ಸ್‌ಟ್ರಾಪೊಲೇಶನ್

ನಮ್ಮ ಭಾವನಿಗೆ ಹೆದರಿಕೆ ಎಂಬುದೇ ಇಲ್ಲ. ಹಾಗೆಂದು ಹೇಳುವವರು ಅವರೊಬ್ಬರೇ! ಅವರಿಗಿರುವುದು ಹೆದರಿಕೆಯಲ್ಲವಂತೆ, 'ಎಕ್ಸ್‌ಟ್ರಾಪೊಲೇಟ್' ಮಾಡುವ ಅಭ್ಯಾಸವಂತೆ. ಅಕ್ಕನ ಸಂಸಾರ ಇರುವುದು ಸಿಡ್ನಿಯಲ್ಲಿ. ನಾರ್ತ್ ಸಿಡ್ನಿಯ ಐಟಿ ಆಫೀಸಿನ ಯಾವುದೋ ಮೀಟಿಂಗಿನಲ್ಲಿ ಈ ಕ್ರಿಯಾಪದ ಭಾವನ ಕಿವಿಗೆ ಬಿದ್ದದ್ದೇ ತಡ, ಅವರ ಜೊತೆ ಮನೆಗೂ ಬಂತು.

"ಗೊತ್ತಿರೋದನ್ನ ಹಿಡ್ಕೊಂಡು ಗೊತ್ತಿಲ್ಲದ್ದನ್ನ ತಿಳ್ಕೊಳ್ಳೋದಮ್ಮ. ಬರೀ ಊಹೆ ಅಲ್ಲ, ಸೈನ್ಸು!" ಎಂದು ನನಗೆ ವಿವರಿಸಿದರು.

"ಕನ್ನಡದಲ್ಲಿ ಅದಕ್ಕೆ ಗಾಬರಿ ಅಂತಾರೆ," ಎಂದಳು ಅಕ್ಕ, ಅಡುಗೆಮನೆಯಿಂದ.

ಒಮ್ಮೆ ಬಾಸ್ ಇವರಿಗೆ ಗುಡ್ ಮಾರ್ನಿಂಗ್ ಹೇಳಲಿಲ್ಲ. ಸರಿ, ಕೆಲಸ ಹೋಯಿತೆಂದು ಎಕ್ಸ್‌ಟ್ರಾಪೊಲೇಟ್ ಮಾಡಿ, ಮೇಜಿನ ಮೇಲಿದ್ದ ಮಗ್ಗು, ಮಕ್ಕಳ ಫೋಟೋ, ಮನಿಪ್ಲಾಂಟು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದರು! ಬಾಸ್ ಪಾಪ, ಬೆಳಿಗ್ಗೆ ಹಲ್ಲು ಕೀಳಿಸಿಕೊಂಡು ಬಂದಿದ್ದ. ಅಂದು ಯಾರ ಹತ್ತಿರವೂ ಬಾಯಿ ತೆರೆದಿರಲಿಲ್ಲ. ಮರುದಿನ ಮನಿಪ್ಲಾಂಟು ಭಾವನ ತೊಡೆಯೇರಿ, ಟ್ರೈನಿನಲ್ಲಿ ಮತ್ತೆ ಆಫೀಸಿಗೆ ಹೋಯಿತು.

ನಾವು ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮನೆ ಕಟ್ಟಿಸಿದೆವು. ಆ ಸಬರ್ಬಿಗೆ ಆಗಷ್ಟೇ ರೈಲು ಬಂದಿತ್ತು. ಗೃಹಪ್ರವೇಶಕ್ಕೆ ಬಂದ ಭಾವನ ಕಣ್ಣಿಗೆ, ಹಾಲು ಉಕ್ಕುವ ಮೊದಲೇ ಗೋಡೆಯ ಮೂಲೆಯಲ್ಲೊಂದು ಬಿರುಕು ಕಾಣಿಸಿತು. ಬಿರುಕು ಅಂದರೆ ಅಡಿಪಾಯ ಕುಸಿತ, ಅಡಿಪಾಯ ಕುಸಿದರೆ ಚಾವಣಿ... ಚಿತ್ರಾನ್ನದ ತಟ್ಟೆ ಹಿಡಿದು, ಶೂ ಹಾಕಿಕೊಂಡು, ಬಾಗಿಲಲ್ಲೇ ನಿಂತು ಉಂಡರು. ಅವರ ಮುಖ ನೋಡಿ ಬಂದವರೆಲ್ಲ ಒಬ್ಬೊಬ್ಬರಾಗಿ ಬಾಗಿಲ ಕಡೆ ಸರಿದರೆಂದರೆ ನಂಬುತ್ತೀರಾ? ಕೊನೆಗೆ ನನ್ನ ಗಂಡ ಬಟ್ಟೆ ತಂದು ಒರೆಸಿದರೆ, ಬಿರುಕು ಬಟ್ಟೆಗೆ ಅಂಟಿಕೊಂಡು ಬಂತು! ಜೇಡರ ಬಲೆಯ ಎಳೆ.

ಭಾವ ಇನ್ನಷ್ಟು ಬಿಳಿಚಿಕೊಂಡರು. "ಹಾಗಾದ್ರೆ ಜೇಡ ಎಲ್ಲಿ?"

ಇಂಥವರಿಗೆ ಯಾರಾದರೂ ಕಾಯಿಲೆಯ ಸುದ್ದಿ ಹೇಳುತ್ತಾರೆಯೇ? ಮರುವರ್ಷ ನನ್ನ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಪರೀಕ್ಷೆಯ ಫಲಿತಾಂಶ ಕೇಳಲು ಕ್ಲೇಟನ್ನಿನ ಆಸ್ಪತ್ರೆಗೆ ಹೋಗಬೇಕಿತ್ತು. ಕೆಲಸದ ಮೇಲೆ ಪರ್ತ್‌ಗೆ ಹೋಗಿದ್ದ ಗಂಡ, ಫ್ಲೈಟ್ ಕ್ಯಾನ್ಸಲ್ ಆಗಿ ಅಲ್ಲೇ ಸಿಕ್ಕಿಕೊಂಡರು. ಅಕ್ಕನಿಗೆ ಫೋನ್ ಮಾಡಿ, "ದಮ್ಮಯ್ಯ, ಭಾವನಿಗೆ ಮಾತ್ರ ಹೇಳ್ಬೇಡ್ವೇ" ಎಂದು ಬೇಡಿಕೊಂಡೆ.

ಬೆಳಗಿನ ಮೊದಲ ಫ್ಲೈಟಿಗೇ ಭಾವ ಬಂದಿಳಿದರು!

ನನ್ನ ಕಾರನ್ನು ಅವರೇ ಓಡಿಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ನನ್ನ ತಿಥಿಯನ್ನೂ ಮುಗಿಸಿಬಿಡುತ್ತಾರೆಂದು ಮುದುಡಿ ಕುಳಿತಿದ್ದೆ. ಆದರೆ ದಾರಿಯುದ್ದಕ್ಕೂ ಒಂದೇ ಒಂದು ಮಾತಿಲ್ಲ. ಅದರಿಂದ ಇನ್ನೂ ಭಯವಾಯಿತು. ವೇಟಿಂಗ್ ರೂಮಿನಲ್ಲಿ ತಡೆಯಲಾರದೆ ನಾನೇ ಕೇಳಿದೆ.

"ಏನಿರಬಹುದು ಭಾವ?"

"ಗೊತ್ತಿಲ್ಲಮ್ಮ," ಎಂದರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. "ನಿನ್ನ ಬ್ಯಾಗ್ ಕೊಡು, ಹಿಡ್ಕೊಂಡಿರ್ತೀನಿ. ಹೋಗ್ಬಾ."

ಹೆದರುವಂಥದ್ದೇನೂ ಇಲ್ಲ ಎಂದರು ಡಾಕ್ಟರು. ನಾನು ಓಡೋಡಿ ಹೊರಗೆ ಬಂದು, "ಏನೂ ಇಲ್ವಂತೆ ಭಾವ" ಎಂದೆ. ಅವರು ಕುಳಿತಲ್ಲೇ ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಮುಖ ಹುದುಗಿಸಿ, ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.